ಅಜ್ಜನ ಹಣೆ ಮುಟ್ಟುವ ಕೈ

ಆಲ್ಪಿಯುಸನ ಅಂಗೈಗಳು ಸತ್ತು ಎರಡು ವರ್ಷವಾಗಿತ್ತು. ಆ ವಿಷಯ ಊರಿನಲ್ಲಿ ಯಾರಿಗೂ ಗೊತ್ತಿಲ್ಲವೆಂದು ಅವನು ನಂಬಿದ್ದ. ಸತ್ತಿದ್ದವು ಎಂದರೆ ಕೈ ಆಡುತ್ತಿರಲಿಲ್ಲವೆಂದಲ್ಲ. ಬಲೆ ಹೆಣೆಯುತ್ತಿದ್ದವು, ದೋಣಿಯ ಹಗ್ಗ ಬಿಗಿಯುತ್ತಿದ್ದವು, ಭಾನುವಾರ ಚರ್ಚಿನ ಬಾಗಿಲಲ್ಲಿ ಎಲ್ಲರ ಕೈ ಕುಲುಕುತ್ತಿದ್ದವು. ಬಿಸಿ ಯಾವುದು ತಣ್ಣಗೆ ಯಾವುದು ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಯಾರದೋ ಸಿಕ್ಕಿಹಾಕಿಕೊಂಡ ಲಂಗರು ಬಿಡಿಸಲೆಂದು ಒಂದೇ ದಿನ ಎರಡು ಸಲ ಆಳಕ್ಕಿಳಿದು, ಅವಸರ ಮಾಡಿ ಮೇಲೆ ಬಂದಿದ್ದರ ಫಲ ಅದು. ಮೂರು ದಿನ ಕಾಲೇ ನಿಲ್ಲಲಿಲ್ಲ. ಕಾಲು ಆಮೇಲೆ ಸರಿಹೋಯಿತು. ಅಂಗೈ ಸರಿಹೋಗಲಿಲ್ಲ.

ಬೇರೆ ಯಾರ ಅಂಗೈ ಆಗಿದ್ದರೂ ಅದೊಂದು ದೊಡ್ಡ ಸಂಗತಿಯಾಗುತ್ತಿರಲಿಲ್ಲ. ಆದರೆ ಇದು ಪಿಹಾಂಗ್ ದ್ವೀಪದ ಹಣೆ ಮುಟ್ಟುವ ಕೈ.

ದ್ವೀಪದ ಪಡುವಣಕ್ಕೆ, ದಡದಿಂದ ಜೋರಾಗಿ ಕೂಗಿದರೆ ಕೇಳುವಷ್ಟು ದೂರದಲ್ಲಿ, ಕಡಲ ಕೆಳಗೊಂದು ಬೆಂಕಿಬೆಟ್ಟವಿದೆ. ಅದರ ನೆತ್ತಿ ನೀರಿನ ಮಟ್ಟದಿಂದ ಎಂಟು ಮೀಟರ್ ಕೆಳಗೆ. ದೋಣಿಯಲ್ಲಿ ಕೂತವರು ಅದನ್ನು ಬೆಟ್ಟ ಎನ್ನುವುದಿಲ್ಲ, ಬೆಂಕಿ ಎಂದಂತೂ ಬಾಯಿ ಬಿಡುವುದಿಲ್ಲ. ಅಜ್ಜ ಎನ್ನುತ್ತಾರೆ. ಅಜ್ಜ ಹಗಲಿರುಳೂ ಉಸಿರಾಡುತ್ತಾನೆ, ಬಂಡೆಗಳ ಸಂದಿಯಿಂದ ಗುಳ್ಳೆಗಳು ದಾರ ಪೋಣಿಸಿದ ಹಾಗೆ ಏಳುತ್ತಲೇ ಇರುತ್ತವೆ. ಅವನ ಬೆಚ್ಚನೆಯ ನೀರಿಗೆ ಮೀನು ಬರುತ್ತದೆ, ಮೀನಿಗೆ ಜನ ಬರುತ್ತಾರೆ. ಈಚೆಗೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸ್ಕೂಬಾ ಇಳಿಯುವವರೂ ಬರುತ್ತಿದ್ದಾರೆ. ಊರಿನ ಒಲೆ ಉರಿಯುವುದೇ ಅಜ್ಜನ ದಯೆಯಿಂದ, ಅದನ್ನು ಇಲ್ಲಿ ಯಾರೂ ಮರೆಯುವುದಿಲ್ಲ.

ಅವನ ಹತ್ತಿರ ಹೋಗುವುದಕ್ಕೆ ಒಂದು ಕ್ರಮವಿದೆ. ಎಲ್ಲರಿಗಿಂತ ಮೊದಲು ಒಬ್ಬರು ಇಳಿದು, ಕೈಗವಸು ಕಳಚಿ, ಬಂಡೆಗಳ ನಡುವಿನ ಕಪ್ಪು ಮರಳಿನಲ್ಲಿ ಅಂಗೈ ಊರಬೇಕು. ಮಗುವಿಗೆ ಜ್ವರ ಬಂದಿದೆಯೋ ಎಂದು ಹಣೆ ಮುಟ್ಟಿ ನೋಡುತ್ತೇವಲ್ಲ, ಹಾಗೆ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಮನಸ್ಸಿನಲ್ಲೇ ಶುರುಮಾಡಿ ಆಮೆನ್ ಹೇಳುವ ತನಕ ಅಂಗೈ ತಾಳಿಕೊಂಡರೆ ಅಜ್ಜ ನೆಟ್ಟಗಿದ್ದಾನೆ ಎಂದರ್ಥ. ನಡುವೆ ಎಲ್ಲಾದರೂ ಕೈ ಎಳೆದುಕೊಳ್ಳಬೇಕಾಯಿತೋ, ಆವತ್ತು ಯಾರೂ ಇಳಿಯುವ ಹಾಗಿಲ್ಲ. ಊರಿಗೆಲ್ಲ ಹಣೆ ಮುಟ್ಟುವ ಕೈ ಒಂದೇ. ಅದು ಯಾರದೆಂದು ಚರ್ಚಿನ ಹಿರಿಯರು ಗೊತ್ತುಮಾಡುತ್ತಾರೆ. ಆ ಕೈ ಮುಟ್ಟಿದ ಮೇಲೆ ಇನ್ನೊಬ್ಬರು ಮುಟ್ಟಿ ನೋಡಿದರೆ ಅದು ಆ ಮನುಷ್ಯನ ಮುಖಕ್ಕೆ ಉಗುಳಿದ ಹಾಗೆ. ಆಲ್ಪಿಯುಸನ ಅಪ್ಪ ಮೂವತ್ತು ವರ್ಷ ಮುಟ್ಟಿದ್ದ. ಅವನ ನಂತರ ಹತ್ತೊಂಬತ್ತು ವರ್ಷದಿಂದ ಆಲ್ಪಿಯುಸನೇ.

ಮನುಷ್ಯ ಕೆಟ್ಟವನಲ್ಲ, ಜಂಬದವನು. ಅಂಗೈ ಸತ್ತ ಮೊದಲ ವಾರವೇ ಹಿರಿಯರಿಗೆ ಹೇಳಬೇಕೆಂದುಕೊಂಡ. ಮುಂದಿನ ಭಾನುವಾರ ಹೇಳಿದರಾಯಿತು ಎಂದುಕೊಂಡ. ಹಾಗೆ ನೂರು ಭಾನುವಾರ ಕಳೆದವು. ಅಷ್ಟರಲ್ಲಿ ತನ್ನದೇ ಒಂದು ಉಪಾಯ ಹುಡುಕಿಕೊಂಡಿದ್ದ. ನೆತ್ತಿಯ ಮೇಲೆ ನೀಲಿ ಮೀನುಗಳ ಹಿಂಡು ಎಂದಿನಂತೆ ಓಡಾಡುತ್ತಿದ್ದರೆ ಸರಿ, ಕಾಣದಿದ್ದರೆ ಸರಿಯಿಲ್ಲ. ಮೀನಿಗಿಂತ ಹೆಚ್ಚು ಮನುಷ್ಯನಿಗೇನು ಗೊತ್ತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಸತ್ತ ಅಂಗೈಯನ್ನು ಮರಳಿನಲ್ಲೂರಿ ಆಮೆನ್ ಹೇಳಿ ಏಳುತ್ತಿದ್ದ.

ಈಚೆಗೆ ಅವನ ನಿದ್ದೆ ಕೆಡಿಸಿದ್ದು ಅಂಗೈ ಅಲ್ಲ, ನಾದಿನಿ.

ನಾದಿನಿ ಎಂದರೆ ಹೆಂಡತಿ ಸೆಲ್ಫಿನಾಳ ತಂಗಿ ನೋಂಚೆ. ವಯಸ್ಸು ನಲವತ್ತೊಂದು, ನಾಲಿಗೆಗೆ ಮೂಳೆಯಿಲ್ಲ. ದೋಣಿ ನಿಲ್ಲುವ ಜೆಟ್ಟಿಯ ಪಕ್ಕ ಬಾಣಲೆ ಇಟ್ಟುಕೊಂಡು ಬಾಳೆಕಾಯಿ ಕರಿದು, ಒಣಮೀನಿನ ಖಾರದ ಚಟ್ನಿಯ ಜೊತೆ ಮಾರುತ್ತಿದ್ದಳು. ಅಂಥವಳು ಹದಿನೈದು ತಿಂಗಳ ಹಿಂದೆ ಬಾಣಲೆ ಕವುಚಿಹಾಕಿ ಮನಾಡೊ ಪಟ್ಟಣಕ್ಕೆ ಹೋದಳು. ಒಂದು ತಿಂಗಳಿದ್ದು ಸ್ಕೂಬಾ ಕಲಿತು, ಫೋಟೊ ಇರುವ ಕಾರ್ಡು ಹಿಡಿದುಕೊಂಡು ಬಂದಳು. ಊರಿಗೆ ಊರೇ ನಕ್ಕಿತು. ಮೊಣಕಾಲಿಗಿಂತ ಮೇಲೆ ನೀರು ಬಂದರೆ ಚೀರುತ್ತಿದ್ದ ಹೆಂಗಸು!

“ಇದೇನೇ ಹೊಸ ಹುಚ್ಚು?” ಎಂದು ಆಲ್ಪಿಯುಸ್ ಕೇಳಿದ್ದ.

“ಎಣ್ಣೆ ಮುಂದೆ ಕೂತೂ ಕೂತೂ ಬೆಂದುಹೋದೆ ಭಾವ. ಇನ್ನು ಸ್ವಲ್ಪ ನೆನೆಯೋಣ ಅಂತ.”

ಸ್ಕೂಬಾದವರ ಜೊತೆ ಮುಂದೊಬ್ಬರು ಹಿಂದೊಬ್ಬರು ಹೋಗಬೇಕೆಂಬುದು ನಿಯಮ. ಹಿಂದಿನ ಆಳಾಗಿ ನೋಂಚೆ ಸೇರಿಕೊಂಡಳು. ಸೇರಿಕೊಂಡವಳು ನೆಟ್ಟಗೆ ಕೆಲಸ ಮಾಡಿದಳೇ? ಒಂದು ಸಲ ನೀರಿನೊಳಗೆ ಹೊಟ್ಟೆನೋವೆಂದು ಸನ್ನೆ ಮಾಡಿ ಎಲ್ಲರನ್ನೂ ಮೇಲೆ ತಂದಳು. ಇನ್ನೊಂದು ಸಲ ಮಾಸ್ಕಿನ ಪಟ್ಟಿ ಕಿತ್ತಿತೆಂದು ತಂದಳು. ಒಬ್ಬರು ಮೇಲೆ ಹೋದರೆ ಎಲ್ಲರೂ ಹೋಗಲೇಬೇಕು, ಅದು ಇನ್ನೊಂದು ನಿಯಮ. ಇಷ್ಟಾದರೂ ಆಲ್ಪಿಯುಸ್ ಸಹಿಸಿಕೊಂಡಿದ್ದ. ಆದರೆ ಹೋದ ವಾರ, ಏನೋ ಅನುಮಾನ ಬಂದು ತಿರುಗಿ ನೋಡಿದಾಗ, ಕಾಲಿನ ರಬ್ಬರ್ ರೆಕ್ಕೆ ಸರಿಪಡಿಸುವವಳ ಹಾಗೆ ಬಗ್ಗಿದ ನೋಂಚೆ ಬರಿಗೈಯನ್ನು ಮರಳಿಗೆ ಒತ್ತಿದ್ದಳು. ಅವನು ಮುಟ್ಟಿ ಎದ್ದ ಜಾಗದಲ್ಲೇ.

ಅವನಿಗೆ ಮೈಯೆಲ್ಲ ಉರಿಯಿತು. ಓಹೋ, ಇವಳ ಕಣ್ಣು ನನ್ನ ಜಾಗದ ಮೇಲಿದೆ. ಹಣೆ ಮುಟ್ಟುವುದನ್ನು ಕದ್ದು ಕಲಿಯುತ್ತಿದ್ದಾಳೆ, ನಾಳೆ ಹಿರಿಯರ ಮುಂದೆ ನಿಂತು ನನಗೂ ಬರುತ್ತದೆ ಎನ್ನುತ್ತಾಳೆ. ಈ ಭಾನುವಾರ ಸಭೆಯಲ್ಲಿ ದೂರು ಕೊಟ್ಟು ಅವಳನ್ನು ನೀರಿನಿಂದಲೇ ಹೊರಹಾಕಿಸುತ್ತೇನೆಂದು ಅವನು ನಿಶ್ಚಯಿಸಿದ. ಹೆಂಡತಿಗೂ ಹೇಳಲಿಲ್ಲ. ಏನೇನು ಹೇಳಬೇಕೆಂದು ಕನ್ನಡಿ ಮುಂದೆ ನಿಂತು ಒಪ್ಪಿಸಿ ನೋಡಿಕೊಂಡೂ ಆಗಿತ್ತು.

ಶನಿವಾರ ಬೆಳಿಗ್ಗೆ ದೂರದ ಸುರಬಾಯ ನಗರದಿಂದ ಗಂಡ ಹೆಂಡತಿ ಬಂದರು. ಗಂಡ ಹಂಡೋಕೊ ಹಲ್ಲಿನ ಡಾಕ್ಟರು, ಹೆಂಡತಿ ಲಿಲಿಯಾನಾ ಶಾಲೆಯ ಮೇಡಂ. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಅಜ್ಜನನ್ನು ನೋಡಲು ಬಂದವರು. ದೋಣಿ ನಡೆಸುವ ವೆಂಪಿ ಎಂಜಿನ್ ನಿಲ್ಲಿಸಿ ಲಂಗರು ಇಳಿಸಿದ. ಕಡಲು ಎಣ್ಣೆ ಸವರಿದ ಹಾಗೆ ನುಣ್ಣಗಿತ್ತು.

“ಬೆಟ್ಟ ಈಗ ಸುಮ್ನೆ ಇದೆ ತಾನೆ?” ಎಂದು ಲಿಲಿಯಾನಾ ಕೇಳಿದಳು.

“ಶ್! ಅಜ್ಜ ಅನ್ನಿ ಮೇಡಂ,” ಎಂದ ವೆಂಪಿ. “ಹೆಸರು ಹಿಡಿದು ಕರೆದ್ರೆ ಯಾವ ಮುದುಕನಿಗೆ ಸಿಟ್ಟು ಬರಲ್ಲ?”

“ನೀವು ಹೆದರ್ಬೇಡಿ. ನಮ್ಮ ಭಾವ ಮುಟ್ಟಿ ನೋಡಿದ್ರೆ ಮುಗೀತು,” ಎಂದಳು ನೋಂಚೆ.

ವ್ಯಂಗ್ಯವೆಂದೇ ಆಲ್ಪಿಯುಸನಿಗೆ ತೋರಿತು. “ನೀನು ನಿನ್ನ ಹೊಟ್ಟೆ ನೆಟ್ಟಗಿದೆಯಾ ನೋಡ್ಕೊ. ಮಾಸ್ಕಿನ ಪಟ್ಟಿ ಗಟ್ಟಿ ಇದೆಯಾ ನೋಡ್ಕೊ.”

“ಪಟ್ಟಿ ಗಟ್ಟಿ ಇದೆ ಭಾವ. ಹೊಟ್ಟೆ ಮಾತ್ರ ನಿಮ್ಮಷ್ಟು ಗಟ್ಟಿ ಇಲ್ಲ.”

ಹಂಡೋಕೊ ಜೋರಾಗಿ ನಕ್ಕ. ಆಲ್ಪಿಯುಸ್ ಕೊಳವೆ ಬಾಯಿಗಿಟ್ಟುಕೊಂಡು ಹಿಂದಕ್ಕೆ ಉರುಳಿದ.

ಕೆಳಗೆ ಎಲ್ಲವೂ ಎಂದಿನಂತೆಯೇ ಇತ್ತು. ಗುಳ್ಳೆಗಳು ಏಳುತ್ತಿದ್ದವು. ನೀಲಿ ಮೀನುಗಳ ಹಿಂಡು ಹಾಯಾಗಿ ತಿರುಗುತ್ತಿತ್ತು. ಅವನು ಮಂಡಿಯೂರಿ, ಕೈಗವಸು ಕಳಚಿ, ಕಪ್ಪು ಮರಳಿನಲ್ಲಿ ಅಂಗೈ ಒತ್ತಿದ. ಮೇಲಿನಿಂದ ಅತಿಥಿಗಳು ನೋಡುತ್ತಿದ್ದಾರೆಂದು ಅಂದು ಇನ್ನೂ ಸ್ವಲ್ಪ ಗತ್ತಿನಿಂದಲೇ ಒತ್ತಿದ. ನಿಧಾನವಾಗಿ ಪ್ರಾರ್ಥನೆ ಹೇಳಿದ. ಆಮೆನ್ ಹೇಳಿದ. ಕೈಗವಸು ತೊಟ್ಟು, ಬನ್ನಿ ಎಂದು ಹೆಬ್ಬೆರಳನ್ನು ತೋರುಬೆರಳಿಗೆ ಕೂಡಿಸಿ ಮೇಲಕ್ಕೆ ತೋರಿಸಿದ.

ಮೂವರೂ ಹಗ್ಗ ಹಿಡಿದು ಇಳಿದರು. ಲಿಲಿಯಾನಾ ಗುಳ್ಳೆಗಳ ಸಾಲಿಗೆ ಕೈಯೊಡ್ಡಿ ಚಿಕ್ಕ ಹುಡುಗಿಯ ಹಾಗೆ ಕಾಲು ಬಡಿದಳು. ಹಂಡೋಕೊ ಅವಳನ್ನೇ ವಿಡಿಯೊ ತೆಗೆಯುತ್ತಿದ್ದ. ಆಲ್ಪಿಯುಸ್ ಇನ್ನೂ ಆಳದ ಬಂಡೆಯ ಕಡೆಗೆ ಅವರನ್ನು ಕರೆದುಕೊಂಡು ಹೊರಟ. ಹತ್ತು ಮಾರು ಹೋಗಿರಬೇಕು, ಹಿಂದಿನಿಂದ ಠಣ್ ಠಣ್ ಎಂದು ಸದ್ದಾಯಿತು. ನೋಂಚೆ ಚಾಕುವಿನ ಹಿಡಿಯಿಂದ ತನ್ನ ಸಿಲಿಂಡರ್ ಬಡಿಯುತ್ತಿದ್ದಳು. ಒಂದು ಕೈ ಕಿವಿಯ ಮೇಲೆ, ಇನ್ನೊಂದರ ಹೆಬ್ಬೆರಳು ಮೇಲಕ್ಕೆ. ಕಿವಿ ನೋವು, ಮೇಲೆ ಹೋಗಬೇಕು.

ಅವನು ತಲೆಯಾಡಿಸಿ, ನೀನೊಬ್ಬಳೇ ಹೋಗು ಎಂದು ಬೆರಳು ತೋರಿಸಿದ. ಅವಳು ಹೋಗಲಿಲ್ಲ. ಲಿಲಿಯಾನಾಳ ತೋಳು ಹಿಡಿದುಕೊಂಡು, ಹೆಬ್ಬೆರಳನ್ನು ಮತ್ತೆ ಮತ್ತೆ ಮೇಲಕ್ಕೆ ಎತ್ತಿದಳು. ಹೆಂಡತಿಯ ಹಿಂದೆ ಗಂಡನೂ ಹೊರಟ. ಇನ್ನು ಉಳಿದವನು ಒಬ್ಬನೇ. ಹಲ್ಲು ಕಚ್ಚಿಕೊಂಡು ಅವನೂ ಮೇಲೆದ್ದ.

ದೋಣಿ ಹತ್ತಿದ್ದೇ ತಡ, ಅತಿಥಿಗಳೆಂದೂ ನೋಡದೆ ಹರಿಹಾಯ್ದ. “ಹೊಟ್ಟೆ ಆಯ್ತು, ಪಟ್ಟಿ ಆಯ್ತು, ಈಗ ಕಿವಿ! ನಾಳೆ ಏನು, ಮೂಗಾ? ಪಾಪ ಇವರು ಅಷ್ಟು ದೂರದಿಂದ ಬಂದಿದ್ದಾರೆ. ಬಾಳೆಕಾಯಿ ಕರಿಯೋಳಿಗೆ ಈ ಕೆಲಸ ಯಾಕೆ ಬೇಕಿತ್ತು?”

“ತಪ್ಪಾಯ್ತು ಭಾವ. ಬಯ್ಯೋದನ್ನ ದಡದಲ್ಲಿ ಬಯ್ಯಿರಿ,” ಎಂದಳು ನೋಂಚೆ. ಅವಳ ತುಟಿ ಬಿಳಿಚಿಕೊಂಡಿತ್ತು. “ವೆಂಪಿ, ಲಂಗರು ಎತ್ತು. ಗಾಳಿಗೆ ಎದುರಾಗಿ ಬಿಡು.”

“ವೆಂಪಿ, ಎಂಜಿನ್ ಮುಟ್ಟಿದ್ರೆ ನೋಡು! ಇವಳು ಇಲ್ಲೇ ಕೂತಿರಲಿ, ನಾವು ಮತ್ತೆ ಇಳೀತೀವಿ.” ಹಾಗೆನ್ನುತ್ತ ಆಲ್ಪಿಯುಸ್ ಕೈಗವಸು ಎಳೆದು ಬಿಸಾಡಿದ.

“ಅಯ್ಯೋ, ನಿಮ್ಮ ಕೈಗೇನಾಯ್ತು?” ಎಂದು ಲಿಲಿಯಾನಾ ಕೂಗಿದಳು.

ಅವನು ನೋಡಿಕೊಂಡ. ಬಲ ಅಂಗೈಯ ಚರ್ಮ ಬೆಂದು ಬಿಳಿಯಾಗಿತ್ತು. ಬುಡದಿಂದ ಬೆರಳ ತುದಿಯವರೆಗೆ ಬೊಕ್ಕೆ ಎದ್ದಿತ್ತು, ಹೆಬ್ಬೆರಳ ಬಳಿ ಚರ್ಮ ಕೈಗವಸಿನ ಜೊತೆಗೇ ಕಿತ್ತುಬಂದಿತ್ತು. ಆಮೆನ್‌ವರೆಗೂ ಒತ್ತಿ ಹಿಡಿದಿದ್ದ ಕೈ. ಏನೂ ಗೊತ್ತಾಗಿರಲಿಲ್ಲ. ಈಗಲೂ ಗೊತ್ತಾಗುತ್ತಿರಲಿಲ್ಲ.

ಹಂಡೋಕೊ ಹತ್ತಿರ ಬಂದು ಬಗ್ಗಿ ನೋಡಿದ. “ಇದು ಸುಟ್ಟ ಗಾಯ...”

“ಹಗ್ಗ ಉಜ್ಜಿರೋದು ಸಾರ್,” ಎಂದು ನೋಂಚೆ ನಡುವೆ ಬಾಯಿ ಹಾಕಿದಳು. “ಇಳಿಯೋವಾಗ ಹಗ್ಗ ಜಾರಿಸಿಕೊಂಡ್ರು. ಅಲ್ವಾ ಭಾವ?”

ಆಲ್ಪಿಯುಸ್ ನಾದಿನಿಯ ಮುಖ ನೋಡಿದ. ಅದರಲ್ಲಿ ವ್ಯಂಗ್ಯ ಇರಲಿಲ್ಲ. ತನ್ನ ಬಲಗೈಯನ್ನು ಅವಳು ಎದೆಗೆ ಒತ್ತಿ ಹಿಡಿದಿದ್ದಳು. ಅದರ ಬೆರಳ ತುದಿಗಳೂ ಕೆಂಪಗೆ ಊದಿದ್ದವು. ಹೊಟ್ಟೆನೋವಿನ ದಿನ ಮಧ್ಯಾಹ್ನ ಅಜ್ಜನ ಮೇಲಿನ ನೀರು ಬೆಳ್ಳಗೆ ನೊರೆಗಟ್ಟಿದ್ದು, ಪಟ್ಟಿ ಕಿತ್ತ ದಿನದ ಸಂಜೆ ಸತ್ತ ಮೀನು ದಡಕ್ಕೆ ಬಂದದ್ದು ಎರಡೂ ಅವನಿಗೆ ಒಟ್ಟಿಗೇ ನೆನಪಾದವು.

ದೋಣಿಯಲ್ಲಿ ನಾಲ್ಕು ಜನ ಅವನ ಬಾಯನ್ನೇ ನೋಡುತ್ತಿದ್ದರು.

“ಹಗ್ಗ ಅಲ್ಲ,” ಎಂದ ಆಲ್ಪಿಯುಸ್. “ಇದು ಅಜ್ಜನ ಜ್ವರ. ವೆಂಪಿ, ಲಂಗರು ಎತ್ತೋಕೆ ಹೊತ್ತಿಲ್ಲ, ಹಗ್ಗ ಕಡಿ. ಗಾಳಿಗೆ ಎದುರಾಗಿ, ಅವಳು ಹೇಳಿದ ಕಡೆಗೇ ಬಿಡು.”

ವೆಂಪಿ ಹಗ್ಗ ಕಡಿದು ಎಂಜಿನ್ ಹಚ್ಚಿದ. ದೋಣಿ ಮೂಗೆತ್ತಿ ಓಡಿತು. ಕಾಲು ಗಂಟೆಯಾಗಿರಬೇಕು, ದೋಣಿಯ ಹಲಗೆಯನ್ನು ಕೆಳಗಿನಿಂದ ಯಾರೋ ಗುದ್ದಿದ ಹಾಗಾಯಿತು. ಹಿಂತಿರುಗಿ ನೋಡಿದರೆ, ಅವರು ಇಳಿದಿದ್ದ ಜಾಗದಲ್ಲಿ ನೀರು ಹಸುರು ಹಾಲಿನಂತಾಗಿ ಗುಡ್ಡೆಯಾಗಿ ಉಬ್ಬುತ್ತಿತ್ತು. ಗುಡ್ಡೆ ಒಡೆದು ಕಪ್ಪು ನೀರು, ಬೂದಿ, ಕಲ್ಲು ಹತ್ತು ತೆಂಗಿನಮರದೆತ್ತರ ಹಾರಿತು. ಆಮೇಲೆ ಹಬೆ ಎಲ್ಲವನ್ನೂ ಮುಚ್ಚಿಬಿಟ್ಟಿತು. ಗಾಳಿ ಅದನ್ನು ಅವರಿಂದ ಆಚೆಗೆ ಒಯ್ದಿತು.

ಲಿಲಿಯಾನಾ ಗಂಡನನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಹಂಡೋಕೊ ಕೈಮುಗಿದು, “ನಿಮ್ಮಿಂದ ನಾವು ಬದುಕಿದೆವು” ಎಂದು ಆಲ್ಪಿಯುಸನಿಗೆ ಹೇಳಿದ. ಆ ಮಾತನ್ನು ಕೇಳಿಸಿಕೊಳ್ಳುವಾಗ ಪಟ್ಟಷ್ಟು ಕಷ್ಟ ಅವನು ಜೀವಮಾನದಲ್ಲಿ ಪಟ್ಟಿರಲಿಲ್ಲ.

ಮಧ್ಯಾಹ್ನ ಜೆಟ್ಟಿಯ ಕಟ್ಟೆಯ ಮೇಲೆ ಕೂತು ನೋಂಚೆ ಅವನ ಅಂಗೈಗೆ ಮುಲಾಮು ಹಚ್ಚುತ್ತಿದ್ದಳು. ಸೆಲ್ಫಿನಾ ಬಟ್ಟೆ ತರಲು ಮನೆಗೆ ಓಡಿದ್ದಳು. ಆಚೆ ಕಡಲಲ್ಲಿ ಹಬೆ ಇನ್ನೂ ಏಳುತ್ತಿತ್ತು.

“ನಿಂಗೆ ಯಾವಾಗಿಂದ ಗೊತ್ತು?” ಎಂದು ಅವನು ಕೇಳಿದ.

“ಒಂದಿನ ನನ್ನ ಬಾಣಲೆಗೇ ಕೈ ಹಾಕಿ, ಎಣ್ಣೆ ಕುದೀತಿರೋವಾಗ್ಲೇ ಬಾಳೆಕಾಯಿ ಎತ್ಕೊಂಡು ತಿಂದ್ರಲ್ಲ, ನೆನಪಿದೆಯಾ? ಜನ ಎಲ್ಲ ಬಾಯಿ ಬಿಟ್ಕೊಂಡು ನೋಡಿದ್ರು. ನೀವು ಮೀಸೆ ತಿರುವಿದ್ರಿ. ಮಾರನೇ ದಿನ ಆ ಬೆರಳಲ್ಲಿ ಬೊಕ್ಕೆ ಇತ್ತು. ನಿಮಗೆ ಅದು ಗೊತ್ತೂ ಇರಲಿಲ್ಲ, ಅದೇ ಕೈಯನ್ನ ನನ್ನ ಉಪ್ಪಿನ ಡಬ್ಬಿಗೆ ಹಾಕಿದ್ರಿ.”

“ಎಷ್ಟು ದಿನ ಆಯ್ತು ಅದಾಗಿ?”

“ಮನಾಡೊಗೆ ಹೋಗೋಕೆ ಮುಂಚೆ.”

ಅವನು ತಟ್ಟನೆ ಅವಳ ಕಡೆ ತಿರುಗಿದ. “ಅಂದ್ರೆ ನೀನು ಅಲ್ಲಿಗೆ ಹೋಗಿದ್ದು...”

“ಇನ್ನೇನು, ಸಿನಿಮಾ ನೋಡೋಕೆ ಹೋಗಿದ್ನಾ? ಅಲುಗಾಡ್ಬೇಡಿ, ಮುಲಾಮು ಚೆಲ್ಲುತ್ತೆ.”

“ನಿಂಗೆ ನೀರು ಅಂದ್ರೆ ಭಯ ಅಲ್ವೇನೇ.”

“ಈಗಲೂ ಭಯಾನೇ. ಪ್ರತಿ ಸಲ ಇಳಿಯೋವಾಗ್ಲೂ ಕಣ್ಣು ಮುಚ್ಕೊಂಡೇ ಬೀಳ್ತೀನಿ.” ಅವಳು ತಲೆಯೆತ್ತಲಿಲ್ಲ. “ಹಿರಿಯರಿಗೆ ಹೇಳ್ಬಹುದಿತ್ತು. ಹೇಳಿದ್ರೆ ನಿಮ್ಮನ್ನ ದಡದಲ್ಲಿ ಕೂರಿಸ್ತಿದ್ರು. ದಡದಲ್ಲಿ ಕೂತ್ರೆ ನೀವು ಒಂದು ವರ್ಷಾನೂ ಬದುಕ್ತಿರಲಿಲ್ಲ, ನಮ್ಮಕ್ಕ ಏನು ಮಾಡ್ಬೇಕಿತ್ತು? ಅದಕ್ಕೆ, ನೀವು ಮುಟ್ಟಿದ ಮೇಲೆ ನಾನೂ ಒಂದು ಸಲ ಮುಟ್ಟಿದ್ರಾಯ್ತು ಅಂದ್ಕೊಂಡೆ. ಅಷ್ಟೆ.”

ಅವಳು ‘ಅಷ್ಟೆ’ ಎಂದದ್ದನ್ನು ಆಲ್ಪಿಯುಸನಿಗೆ ತಡೆದುಕೊಳ್ಳಲಾಗಲಿಲ್ಲ. ಹದಿನಾಲ್ಕು ತಿಂಗಳು, ವಾರಕ್ಕೆ ಎರಡು ಮೂರು ಸಲ, ಭಯ ನುಂಗಿಕೊಂಡು ಒಬ್ಬಳು ತನ್ನ ಬೆನ್ನ ಹಿಂದೆ ಇಳಿದಿದ್ದಳು. ಅದಕ್ಕೆ ಪ್ರತಿಯಾಗಿ ತಾನು ಕನ್ನಡಿಯ ಮುಂದೆ ಒಪ್ಪಿಸಿದ್ದ ಮಾತುಗಳು ನೆನಪಾಗಿ ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

“ನಾಳೆ ಸಭೇಲಿ ನಿನ್ನ ಮೇಲೆ ದೂರು ಕೊಡಬೇಕು ಅಂತಿದ್ದೆ ಕಣೇ,” ಎಂದ.

“ಗೊತ್ತು. ನಿಮ್ಮ ಭಾಷಣ ಪಕ್ಕದ ಮನೆಗೂ ಕೇಳಿಸ್ತಿತ್ತು. ಚೆನ್ನಾಗಿತ್ತು, ಸ್ವಲ್ಪ ಉದ್ದ ಆಯ್ತು.”

ಭಾನುವಾರ ಆರಾಧನೆ ಮುಗಿದ ಮೇಲೆ ಆಲ್ಪಿಯುಸನ ಮನೆಯಂಗಳದಲ್ಲಿ ಕೃತಜ್ಞತೆಯ ಪ್ರಾರ್ಥನೆ ನಡೆಯಿತು. ಸಾವಿನ ಬಾಯಿಂದ ಬಂದವರು ಊರನ್ನು ಕರೆದು ಊಟ ಹಾಕಬೇಕು, ಎದ್ದು ನಿಂತು ಯಾರ್‍ಯಾರಿಗೆ ಋಣಿ ಎಂದು ಹೆಸರೆತ್ತಿ ಹೇಳಬೇಕು. ಸೆಲ್ಫಿನಾ ಸಾಗು ಮರದ ಹಿಟ್ಟಿನ ರೊಟ್ಟಿ, ಹೊಗೆಯಾಡಿಸಿದ ಮೀನು ಮಾಡಿದ್ದಳು. ಸುರಬಾಯದ ಗಂಡ ಹೆಂಡತಿಯೂ ಬಂದು ಚಾಪೆಯ ಮೇಲೆ ಕೂತಿದ್ದರು. ಆಲ್ಪಿಯುಸ್ ಬಟ್ಟೆ ಸುತ್ತಿದ ಕೈಯನ್ನು ಎದೆಗಿಟ್ಟುಕೊಂಡು ಎದ್ದು ನಿಂತ. ದೇವರಿಗೆ ಎಂದ. ಗಾಳಿಗೆ ಎಂದ. ವೆಂಪಿಯ ಎಂಜಿನ್ನಿಗೆ ಎಂದಾಗ ಎಲ್ಲರೂ ನಕ್ಕರು. ಆಮೇಲೆ ಬಟ್ಟೆ ಸುತ್ತಿದ ಕೈಯನ್ನೇ ನೋಡುತ್ತ ನಿಂತ.

ಹಿಂದಿನ ಸಾಲಿನಿಂದ ನೋಂಚೆ, “ಸಾಕು ಕೂತ್ಕೊಳ್ಳಿ ಭಾವ, ರೊಟ್ಟಿ ಆರ್‍ತಾ ಇದೆ,” ಎಂದಳು. ಆಗಲೂ ಅವನನ್ನು ಉಳಿಸಲು ನೋಡುತ್ತಿದ್ದಳು.

“ಆರಲಿ,” ಎಂದ ಅವನು. “ಈ ಕೈ ಸತ್ತು ಎರಡು ವರ್ಷ ಆಯ್ತು. ಬಿಸಿ ತಿಳಿಯಲ್ಲ, ತಣ್ಣಗೆ ತಿಳಿಯಲ್ಲ. ನಾನು ನಿಮ್ಮೆಲ್ಲರಿಗೂ ಸುಳ್ಳು ಹೇಳ್ದೆ. ನನ್ನ ಜಂಬಕ್ಕೆ ಈ ಇಬ್ಬರು ಸಾಯ್ತಿದ್ರು. ಹದಿನಾಲ್ಕು ತಿಂಗಳಿಂದ ಅಜ್ಜನ ಹಣೆ ಮುಟ್ಟಿರೋದು ನಾನಲ್ಲ, ಅವಳು. ಅಲ್ಲಿ ರೊಟ್ಟಿ ಬುಟ್ಟಿ ಹಿಂದೆ ಬಚ್ಚಿಟ್ಕೊಂಡಿದ್ದಾಳಲ್ಲ, ಅವಳು. ನಾನು ಬದುಕಿರೋದು ಅವಳಿಂದ. ನಾನು ಅವಳಿಗೆ ಋಣಿ.”

ಸೆಲ್ಫಿನಾ ತಂಗಿಯ ಕಡೆ ನೋಡಿದಳು, ಗಂಡನ ಕಡೆ ನೋಡಿದಳು, ಊಟ ಇಟ್ಟಿದ್ದ ಮೇಜಿನ ಬಟ್ಟೆಯ ಅಂಚಿನಿಂದಲೇ ಕಣ್ಣೊರೆಸಿಕೊಂಡಳು. ಹಿರಿಯರಲ್ಲಿ ಹಿರಿಯನಾದ ಮತೇಯುಸ್ ಬಹಳ ಹೊತ್ತು ಕೆಮ್ಮಿ ಗಂಟಲು ಸರಿಮಾಡಿಕೊಂಡ.

“ನಿನ್ನನ್ನ ಬಯ್ಯೋದು ಇದೆ ಆಲ್ಪಿಯುಸ್, ಚೆನ್ನಾಗೇ ಬಯ್ತೀವಿ, ಊಟ ಆದ್ಮೇಲೆ,” ಎಂದ. “ನೋಂಚೆ, ಎದ್ದು ನಿಂತ್ಕೊಳಮ್ಮ. ನಿನ್ನ ಕೈ ತೋರಿಸು.”

ಅವಳು ಎಣ್ಣೆ ಸಿಡಿದು ಚುಕ್ಕೆ ಚುಕ್ಕೆಯಾದ, ಬೆರಳ ತುದಿ ಬೊಕ್ಕೆ ಬಂದ ಕೈಯನ್ನು ಮುಂದೆ ಚಾಚಿದಳು. ಊರು ಅದನ್ನು ಮೊದಲ ಸಲ ಸರಿಯಾಗಿ ನೋಡಿತು.

ಅಜ್ಜನ ಜ್ವರ ಇಳಿಯಲು ಐದು ತಿಂಗಳು ಹಿಡಿಯಿತು. ಮತ್ತೆ ಇಳಿಯಬಹುದೆಂದು ಅಪ್ಪಣೆ ಬಂದ ದಿನ ದೋಣಿಯಲ್ಲಿ ಮೂವರೇ ಇದ್ದರು. ಹಿರಿಯರು ಆಲ್ಪಿಯುಸನನ್ನು ದಡದಲ್ಲಿ ಕೂರಿಸಿರಲಿಲ್ಲ. ದಾರಿ ಬಲ್ಲವನು ಅವನು, ಹಾಗಾಗಿ ಇನ್ನು ಮೇಲೆ ಹಿಂದಿನ ಆಳು ಅವನೇ ಎಂದಿದ್ದರು. ನೋಂಚೆ ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಉರುಳಿದಳು. ಅವನು ಹಗ್ಗ ಹಿಡಿದು, ಮುಖ ನೀರಿನಲ್ಲಿಟ್ಟು ಮೇಲಿನಿಂದಲೇ ನೋಡುತ್ತ ಉಳಿದ.

ಅವಳು ಕೆಳಗೆ ಮಂಡಿಯೂರಿ ಅಂಗೈ ಊರಿದಳು. ಅವನೂ ಅಲ್ಲಿಂದಲೇ ಪ್ರಾರ್ಥನೆ ಶುರುಮಾಡಿದ. ಹತ್ತೊಂಬತ್ತು ವರ್ಷ ಅವನು ಹೇಳಿದ್ದ ಪ್ರಾರ್ಥನೆಯೇ, ಆದರೆ ಇಷ್ಟು ಉದ್ದವಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಅಜ್ಜ, ಇವಳನ್ನು ನೆಟ್ಟಗೆ ಕಳಿಸು ಎಂದು ನಡುವೆ ತನ್ನದೊಂದು ಮಾತು ಸೇರಿಸಿದ. ಆಮೆನ್ ಹೇಳಿದ ಮೇಲೂ ಅವಳು ಏಳಲಿಲ್ಲ. ಅವನಿಗಿಂತ ನಿಧಾನ ಹೇಳುವವಳು. ಕೊನೆಗೆ ತಲೆಯೆತ್ತಿ, ಬೆರಳು ಕೂಡಿಸಿ, ಬನ್ನಿ ಎಂದಳು.

ಅವನು ಇಳಿದ. ಹತ್ತಿರ ಹೋದಾಗ ಅವನ ಮಾಸ್ಕಿನೊಳಗೆ ನೀರು ನಿಂತದ್ದನ್ನು ಅವಳು ಕಂಡಳು. ನೀರಿನಡಿ ಕಣ್ಣೊರೆಸಿಕೊಳ್ಳಲು ಬರುವುದಿಲ್ಲವಲ್ಲ. ಮಾಸ್ಕ್ ಸೋರುತ್ತಿದೆಯೆಂದು ತಿಳಿದು, ಮನಾಡೊದಲ್ಲಿ ಕಲಿತ ಪ್ರಕಾರ ಅಂಚು ಎತ್ತಿ ಮೂಗಿನಿಂದ ಊದಿ ಹೊರಹಾಕಿ ಎಂದು ಸನ್ನೆ ಮಾಡಿ ತೋರಿಸಿದಳು. ಆಲ್ಪಿಯುಸ್ ಅವಳು ಹೇಳಿದ ಹಾಗೆಯೇ ಮಾಡಿದ. ಒಂದು ಸಲಕ್ಕೆ ಅದು ಹೋಗಲಿಲ್ಲ, ಎರಡು ಸಲ ಊದಬೇಕಾಯಿತು.